ವೀರಗಲ್ಲಿಲ್ಲದ ಸಾವುಗಳು

“ಸಾರ್, ಕಾಯಿಲೆ ಬಂದು ಸತ್ತೋರ್ದು ಎಲ್ಲಿದೆ?”

ಕೇಳಿದವಳು ಎಂಟನೇ ತರಗತಿಯ ಹುಡುಗಿ. ಚಿತ್ರದುರ್ಗದ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಒಂದು ವೀರಗಲ್ಲಿನ ಮುಂದೆ ನಿಂತಿದ್ದಳು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಅದರ ಮೊದಲ ಹಾಳೆಯಲ್ಲಿ ಮೇಷ್ಟ್ರು ಬರೆಸಿದ ವಿಷಯ: ‘ಕೊರೊನಾಕ್ಕಿಂತ ಮುಂಚೆ ನಮ್ಮ ಸೀಮೆಗೆ ಬಂದ ಮಹಾಮಾರಿ’. ಮದಕರಿಪುರದ ಕಡೆಯ ಹಳ್ಳಿಗಳ ಮಕ್ಕಳು, ಮೂವತ್ತರ ಮೇಲಿದ್ದರು. ಇತಿಹಾಸದ ಮೇಷ್ಟ್ರು ನನ್ನ ಹಳೆಯ ಸ್ನೇಹಿತರಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಇತಿಹಾಸ ಇರುವುದು ಸಂಗ್ರಹಾಲಯದಲ್ಲಿ, ಆದ್ದರಿಂದ ಮಹಾಮಾರಿಯ ಇತಿಹಾಸವೂ ಅಲ್ಲೇ ಇರಬೇಕು ಎಂಬುದು ಮಕ್ಕಳ ಲೆಕ್ಕ. ನಮ್ಮ ಲೆಕ್ಕವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಅಷ್ಟು ಹೊತ್ತಿಗಾಗಲೇ ಕತ್ತಿ, ಗುರಾಣಿ, ಕಲ್ಲಿನ ಗುಂಡು, ತಾಳೆಗರಿಗಳನ್ನೆಲ್ಲ ನೋಡಿಕೊಂಡು ಬಂದಿದ್ದೆವು. ವೀರಗಲ್ಲನ್ನು ಓದುವುದು ಹೇಗೆಂದು ಮೇಷ್ಟ್ರು ಹೇಳಿಕೊಡುತ್ತಿದ್ದರು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ತುರುಗೋಳಿನಲ್ಲಿ ಊರ ದನ ಬಿಡಿಸಲು ಹೋಗಿ ಮಡಿದವನಿಗೆ ಕಲ್ಲು, ಗಂಡನ ಚಿತೆಯೇರಿದವಳಿಗೆ ಮಾಸ್ತಿಗಲ್ಲು, ಉಪವಾಸ ಕೂತು ದೇಹ ಬಿಟ್ಟ ಜೈನರಿಗೆ ನಿಸಿದಿಗಲ್ಲು. ಸಾವಿಗೆ ಇಷ್ಟು ಬಗೆಯ ಕಲ್ಲುಗಳನ್ನು ನೆಟ್ಟ ನಾಡು ಇದು. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಆ ಪ್ರಶ್ನೆ ಕೇಳಿದಳು.

ಮೇಷ್ಟ್ರು ಸುಮ್ಮನಾದರು. ಉತ್ತರ ಗೊತ್ತಿಲ್ಲದಾಗ ಹುಡುಗರನ್ನು ಗದರಿಸುವ ಜಾತಿಯವರಲ್ಲ ಅವರು. “ಇಲ್ಲಿಲ್ಲಮ್ಮ. ಎಲ್ಲಿದೆ ಅಂತ ಹುಡುಕಾಣ” ಅಂದರು. ಆವತ್ತು ಶುರುವಾದ ಹುಡುಕಾಟದ ಕಥೆ ಇದು.

*

ಮೊದಲು ಸಂಗ್ರಹಾಲಯದ ಬಗ್ಗೆ ಒಂದು ಮಾತು. ಕೋಟೆಯ ರಂಗಯ್ಯನ ಬಾಗಿಲಿನ ಹೆಸರಿನ ಜೊತೆಯೇ ದುರ್ಗದವರು ನೆನೆಯುವ ಈ ಸಂಗ್ರಹದ ಹಿಂದೆ ಹುಲ್ಲೂರು ಶ್ರೀನಿವಾಸ ಜೋಯಿಸರ ಬದುಕಿದೆ. ದುರ್ಗದ ಪಾಳೆಯಗಾರರ ಕುರಿತ ಓಲೆ, ಕಡತ, ಬಖೈರು, ಆಯುಧಗಳನ್ನು ಹುಡುಕುತ್ತ, ಕೂಡಿಡುತ್ತ ತಿರುಗಿದವರು ಅವರು. ಅವರಂಥವರು ಇಲ್ಲದೇ ಹೋಗಿದ್ದರೆ ಮದಕರಿ ನಾಯಕನ ಕಾಲದ ಎಷ್ಟೋ ಕಾಗದಗಳು ಒಲೆಗೆ, ಎಷ್ಟೋ ಕತ್ತಿಗಳು ಗುಜರಿಗೆ ಹೋಗುತ್ತಿದ್ದವು. ನಮ್ಮ ಸೀಮೆಯ ಇತಿಹಾಸ ಅಂತ ಇವತ್ತು ನಾವು ಹೇಳುವುದರಲ್ಲಿ ದೊಡ್ಡ ಪಾಲು ಹೀಗೆ ಒಬ್ಬರು ಬಗ್ಗಿ ಎತ್ತಿಕೊಂಡದ್ದು. ಆದ್ದರಿಂದ ‘ಮಹಾಮಾರಿ ಇಲ್ಲಿ ಯಾಕಿಲ್ಲ’ ಎಂಬುದು ದೂರಲ್ಲ. ಬಗ್ಗಿ ಎತ್ತಿಕೊಳ್ಳುವುದಕ್ಕೆ ಮಹಾಮಾರಿ ಏನನ್ನು ಉಳಿಸಿ ಹೋಗುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ.

ಏನನ್ನೂ ಉಳಿಸುವುದಿಲ್ಲ. ಯುದ್ಧ ಮುಗಿದ ಮೇಲೆ ಕತ್ತಿಯನ್ನು ಒರೆಸಿ ಇಡುತ್ತಾರೆ, ರೋಗ ಹೋದ ಮೇಲೆ ಹಾಸಿಗೆಯನ್ನು ಸುಡುತ್ತಾರೆ. ಪ್ಲೇಗಿನ ಕಾಲದಲ್ಲಿ ಸತ್ತವರ ಬಟ್ಟೆ, ಕಂಬಳಿ, ಚಾಪೆಗಳನ್ನು ಸುಟ್ಟರು. ಮನೆಯೊಳಗೆ ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. ಊರ ಹೊರಗೆ ಹಾಕಿಕೊಂಡಿದ್ದ ಗುಡಿಸಲುಗಳನ್ನು ವಾಪಸು ಬರುವಾಗ ಅಲ್ಲೇ ಬಿಟ್ಟರು, ಇಲ್ಲವೇ ಬೆಂಕಿ ಇಟ್ಟರು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕೆ ಬೂದಿಯಾದರೂ ಸಿಗಲಿಲ್ಲ. ಮರೆಯಬೇಕೆಂದೇ ಜನ ಸುಟ್ಟದ್ದನ್ನು ನಾವು ನೂರು ವರ್ಷದ ಮೇಲೆ ಹುಡುಕುತ್ತಿದ್ದೇವೆ.

ಎಲ್ಲ ಕಡೆಯೂ ಹೀಗಾಗಿಲ್ಲ. ಇಂಗ್ಲೆಂಡಿನ ಡಾರ್ಬಿಶೈರಿನಲ್ಲಿ ಈಯಮ್ ಎಂಬ ಹಳ್ಳಿಯಿದೆ. 1665ರಲ್ಲಿ ಅಲ್ಲಿಗೆ ಪ್ಲೇಗು ಬಂತು, ಮರುವರ್ಷ ಊರಿನವರು ತಮಗೆ ತಾವೇ ಗಡಿ ಹಾಕಿಕೊಂಡರು. ಸುತ್ತಲ ಊರಿಗೆ ರೋಗ ದಾಟಬಾರದೆಂದು ಯಾರೂ ಹೊರಗೆ ಹೋಗಲಿಲ್ಲ. ಊರ ಎಲ್ಲೆಯ ಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ, ಅದರಲ್ಲಿ ನಾಣ್ಯ ಮುಳುಗಿಸಿಟ್ಟು, ಆಚೆಯವರು ತಂದಿಟ್ಟ ಆಹಾರ ತೆಗೆದುಕೊಳ್ಳುತ್ತಿದ್ದರು. ಆ ಕಲ್ಲು ಇವತ್ತಿಗೂ ಇದೆ. ಊರಲ್ಲಿ ಒಂದು ಸಂಗ್ರಹಾಲಯವಿದೆ, ಶಾಲೆಯ ಮಕ್ಕಳು ಹೋಗಿ ನೋಡುತ್ತಾರೆ. ಮೇಷ್ಟ್ರು ಈ ಕಥೆ ಹೇಳಿದಾಗ ಹಿಂದಿನಿಂದ ಒಬ್ಬ ಹುಡುಗ, “ನಮ್ಮೂರಲ್ಲೂ ಗಡಿಗಲ್ಲು ಐತೆ ಸಾರ್, ಮಾರಮ್ಮನ್ನ ಅಲ್ಲಿಗೇ ಕಳಿಸಿ ಬರೋದು” ಅಂದ.

ಅಲ್ಲಿಂದ ದಾರಿ ಸಿಕ್ಕಿತು.

*

ಮಹಾಮಾರಿ ಎಂಬ ಮಾತನ್ನು 2020ರಲ್ಲಿ ಪತ್ರಿಕೆಗಳು ದಿನವೂ ಬರೆದವು. ಆ ಪದದಲ್ಲಿ ದೇವತೆ ಕೂತಿದ್ದಾಳೆ ಎಂಬುದು ಬಹಳ ಜನಕ್ಕೆ ಹೊಳೆಯಲಿಲ್ಲ. ನಮ್ಮಲ್ಲಿ ರೋಗಕ್ಕೂ ಅದನ್ನು ತರುವ ಅಮ್ಮನಿಗೂ ಅದನ್ನು ಕಳಿಸುವ ಅಮ್ಮನಿಗೂ ಹೆಸರು ಒಂದೇ. ಸಿಡುಬು ಎದ್ದರೆ ‘ಅಮ್ಮ ಆಗಿದೆ’ ಅನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಕೇಡನ್ನು ಕೈಯಾರೆ ತಂದುಕೊಂಡವನಿಗೆ ‘ದಾರೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ’ ಅನ್ನುತ್ತಾರೆ. ಈ ಗಾದೆಯಲ್ಲಿ ಸೋಂಕಿನ ತಿಳಿವಳಿಕೆಯೇ ಇದೆ. ಮಾರಿ ದಾರಿಯಲ್ಲಿ ನಡೆದು ಬರುತ್ತಾಳೆ, ಊರಿಂದೂರಿಗೆ ಹೋಗುತ್ತಾಳೆ, ಕರೆದ ಮನೆಗೆ ನುಗ್ಗುತ್ತಾಳೆ.

ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಅಣೆಕಟ್ಟೆಗೆ ಸರ್ಕಾರದ ಹೆಸರು ವಾಣಿ ವಿಲಾಸ ಸಾಗರ. ಜನರ ಬಾಯಲ್ಲಿ ಅದು ಇವತ್ತಿಗೂ ಮಾರಿ ಕಣಿವೆ. ಎರಡು ಗುಡ್ಡಗಳ ನಡುವಿನ ಆ ಕಣಿವೆಯಲ್ಲಿ ಕಣಿವೆ ಮಾರಮ್ಮ ಇದ್ದಾಳೆ, ಆ ದಾರಿಯಲ್ಲಿ ಹೋಗುವವರು ಕೈಮುಗಿದೇ ಮುಂದೆ ಹೋಗುವುದು. ಮೈಸೂರು ಅರಸರ ಆಳ್ವಿಕೆಯಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಈ ವರ್ಷಗಳನ್ನು ಮೇಷ್ಟ್ರು ಬೋರ್ಡಿನ ಒಂದು ಬದಿಗೆ ಬರೆಸಿದರು. ಇನ್ನೊಂದು ಬದಿಗೆ ಪ್ಲೇಗಿನ ವರ್ಷಗಳನ್ನು ಬರೆಸಿದರು: 1896ರಲ್ಲಿ ಮುಂಬಯಿ, 1898ರ ಆಗಸ್ಟಿನಲ್ಲಿ ಬೆಂಗಳೂರು. ಅಣೆಕಟ್ಟೆ ಏಳುತ್ತಿದ್ದ ವರ್ಷಗಳೂ ಪ್ಲೇಗು ಸಂಸ್ಥಾನವನ್ನು ಸುತ್ತಿದ ವರ್ಷಗಳೂ ಒಂದೇ. ಮಕ್ಕಳಿಗೆ ನಾವು ಅಣೆಕಟ್ಟೆಯ ಕಥೆ ಹೇಳುತ್ತೇವೆ, ಪ್ಲೇಗಿನದನ್ನು ಹೇಳುವುದಿಲ್ಲ.

ಕಾಕತಾಳೀಯವೊಂದು ನನ್ನನ್ನು ಬಹಳ ದಿನ ಕಾಡಿತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೇ ಸಂಪುಟ ನಮ್ಮ ಜಿಲ್ಲೆಯದು. ಅದು ಅಚ್ಚಾದದ್ದು 1903ರಲ್ಲಿ. ಬ್ರಹ್ಮಗಿರಿಯ ಅಶೋಕನ ಶಾಸನದಿಂದ ಹಿಡಿದು ಪಾಳೆಯಗಾರರ ದಾನಪತ್ರಗಳವರೆಗೆ ಜಿಲ್ಲೆಯ ಕಲ್ಲು ಕಲ್ಲನ್ನೂ ಓದಿ ಬರೆದಿಟ್ಟ ಮಹಾಕೆಲಸ ಅದು. ಸಾವಿರ ವರ್ಷದ ಹಿಂದೆ ಸತ್ತವರ ಹೆಸರುಗಳು ಆ ಸಂಪುಟದಲ್ಲಿವೆ. ಅದು ಅಚ್ಚಿನ ಮನೆಯಲ್ಲಿದ್ದಾಗ ಸಂಸ್ಥಾನದಲ್ಲಿ ಪ್ಲೇಗಿಗೆ ಸಾಯುತ್ತಿದ್ದವರ ಹೆಸರುಗಳನ್ನು ಯಾರೂ ಕಲ್ಲಿನಲ್ಲಿ ಕೊರೆಯಲಿಲ್ಲ.

*

ನಕ್ಷೆ ತೆಗೆಸಿದೆವು. ಪ್ಲೇಗು ಮುಂಬಯಿಗೆ ಹಡಗಿನಲ್ಲಿ ಬಂತು, ಒಳನಾಡಿಗೆ ಬಂದದ್ದು ರೈಲಿನಲ್ಲಿ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬರುವ ಗಾಡಿ ಹರಿಹರ, ದಾವಣಗೆರೆ ದಾಟಿ ಚಿಕ್ಕಜಾಜೂರು, ಹೊಸದುರ್ಗ ರೋಡ್ ಮೂಲಕ ಬೀರೂರು, ಅರಸೀಕೆರೆಗೆ ಹೋಗುತ್ತಿತ್ತು. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳನ್ನು ಹಾದೇ ಹೋಗುವ ದಾರಿ ಅದು. ಧಾನ್ಯದ ಚೀಲ, ಹತ್ತಿಯ ಅಂಡಿಗೆ, ಅವುಗಳ ನಡುವೆ ಇಲಿ, ಇಲಿಯ ಮೈಮೇಲೆ ಚಿಗಟ. ಹುಡುಗರಿಗೆ ಇದು ಥಟ್ಟನೆ ಅರ್ಥವಾಯಿತು. ದುರ್ಗಕ್ಕೆ ಹೈದರಾಲಿಯ ಸೈನಿಕರು ಕಳ್ಳಕಿಂಡಿಯಿಂದ ನುಸುಳಿದ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದವರು ಅವರು. ಓಬವ್ವನ ಕಿಂಡಿಯನ್ನು ತೋರಿಸುವುದಕ್ಕೆ ಗೈಡುಗಳಿದ್ದಾರೆ. ಚಿಕ್ಕಜಾಜೂರಿನ ಗೂಡ್ಸ್ ಶೆಡ್ಡನ್ನು ‘ಇಲ್ಲಿಂದ ಬಂತು’ ಎಂದು ತೋರಿಸುವವರು ಯಾರೂ ಇಲ್ಲ.

ರೋಗಾಣುವನ್ನು ಯೆರ್ಸಿನ್ ಗುರುತಿಸಿದ್ದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಸೀಮೋಂ ತೋರಿಸಿಕೊಟ್ಟದ್ದು 1898ರಲ್ಲಿ, ಕರಾಚಿಯಲ್ಲಿ. ದೊಡ್ಡ ದೊಡ್ಡ ವೈದ್ಯರು ಅದನ್ನು ಒಪ್ಪಲು ಇನ್ನೂ ಹತ್ತು ವರ್ಷದ ಹತ್ತಿರ ಬೇಕಾಯಿತು. ನಮ್ಮ ಹಳ್ಳಿಗಳ ಹೆಂಗಸರಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ, ಆದರೆ ಇಲಿಯ ವಿಷಯ ಗೊತ್ತಿತ್ತು. ‘ಇಲಿ ಬಿತ್ತು’ ಎಂಬ ಎರಡು ಪದ ಸಾಕಿತ್ತು, ಊರು ಖಾಲಿ ಮಾಡುವುದಕ್ಕೆ. ಅಟ್ಟದಿಂದ ಇಲಿ ತಾನಾಗಿ ಕೆಳಗೆ ಬಿದ್ದು ಒದ್ದಾಡಿ ಸತ್ತಿತೆಂದರೆ ಗಂಟುಮೂಟೆ ಕಟ್ಟಿ, ದನಕರು ಹೊಡೆದುಕೊಂಡು ಹೊಲಕ್ಕೆ ನಡೆಯುವುದು. ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಬಾಳುವುದು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಬದುಕು ಗೊತ್ತು. ಅವರು ಊಹಿಸಿ ಬರೆದದ್ದಲ್ಲ ಅದು. ಚಿಕ್ಕಂದಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ನಮ್ಮ ಭಾಷೆಯಲ್ಲಿ ಪ್ಲೇಗಿಗೆ ಒಂದು ಸಂಗ್ರಹಾಲಯ ಇದ್ದರೆ ಆ ಕಾದಂಬರಿಯೇ.

ದುರ್ಗ, ದಾವಣಗೆರೆ ಸೀಮೆಯ ಹಳ್ಳಿಗಳಲ್ಲಿ ಹೊರಬೀಡು ಎಂಬ ಆಚರಣೆ ಇನ್ನೂ ನಡೆಯುತ್ತದೆ. ಊರಿಗೆ ಕೇಡು ಬಂದಾಗ, ಮಳೆ ಹೋದಾಗ, ದನಗಳಿಗೆ ರೋಗ ಬಿದ್ದಾಗ ಒಂದು ದಿನ ಗೊತ್ತು ಮಾಡಿ ಇಡೀ ಊರೇ ಹೊರಗೆ ಹೋಗುವುದು. ಬೆಳಕು ಹರಿಯುವ ಮುಂಚೆ ಮನೆಗಳಿಗೆ ಬೀಗ ಬೀಳುತ್ತದೆ, ಊರಬಾಗಿಲಿಗೆ ಮುಳ್ಳು ಬೀಳುತ್ತದೆ. ಹೊಲ, ತೋಟ, ಮರದ ಕೆಳಗೆ ಅಡುಗೆ, ಊಟ. ಸಂಜೆ ದೇವರನ್ನು ಮುಂದಿಟ್ಟುಕೊಂಡು ಮರಳಿ ಊರು ಹೊಗುವುದು. ಮಕ್ಕಳಲ್ಲಿ ಆರೇಳು ಜನ ಹೊರಬೀಡಿಗೆ ಹೋಗಿದ್ದರು. “ಪಿಕ್ನಿಕ್ ಥರ ಇತ್ತು ಸಾರ್” ಅಂದರು. ಮೇಷ್ಟ್ರು ಅದನ್ನೇ ಹಿಡಿದುಕೊಂಡು ಕೂತರು. ಖಾಲಿ ಊರು, ಮುಳ್ಳು ಹಾಕಿದ ಬಾಗಿಲು, ಹೊಲದಲ್ಲಿ ಒಲೆ. ನೀವು ಒಂದು ದಿನ ಆಡಿದ್ದನ್ನು ನಿಮ್ಮ ಮುತ್ತಜ್ಜಿ ಆರು ತಿಂಗಳು ಬಾಳಿರಬಹುದಲ್ಲವೇ? ಹೊರಬೀಡು ಪ್ಲೇಗಿನಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಅದರ ಬೇರು ಇನ್ನೂ ಹಳೆಯದು. ಆದರೆ ಪ್ಲೇಗು ಬಂದಾಗ ಊರು ಬಿಡುವುದು ಹೇಗೆಂದು ಸರ್ಕಾರ ನಮ್ಮವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಾಲುಗಳಿಗೆ ದಾರಿ ಗೊತ್ತಿತ್ತು.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಜನ ಈರುಳ್ಳಿ ತೂರುತ್ತಾರೆ. ಬೆಳೆದ ಬೆಳೆಗೆ ರೋಗ ಬರದಿರಲಿ, ದನಕರುಗಳಿಗೆ, ಮಕ್ಕಳಿಗೆ ಏನೂ ಆಗದಿರಲಿ ಎಂಬ ಹರಕೆ. ಲಕ್ಷ ಜನರ ನಡುವೆ ಗಾಳಿಯಲ್ಲಿ ಹಾರುವ ಆ ಈರುಳ್ಳಿಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು? ಇಡಲು ಆಗದ್ದೇ ಒಳ್ಳೆಯದು. ವರ್ಷಕ್ಕೊಮ್ಮೆ ಅದು ಹೊಸದಾಗಿ ಬರುತ್ತದೆ.

*

1918ರ ಇನ್‌ಫ್ಲುಯೆಂಜಾ ಬೇರೆ ಥರದ್ದು. ಪ್ಲೇಗಿಗೆ ಇಲಿಯ ಮುನ್ಸೂಚನೆಯಿತ್ತು, ಇದಕ್ಕೆ ಅದೂ ಇರಲಿಲ್ಲ. ಪ್ಲೇಗಮ್ಮನಿಗೆ ಗುಡಿಗಳಾದವು, ಈ ಜ್ವರಕ್ಕೆ ಗುಡಿಯಾದದ್ದನ್ನು ನಾನು ಕಂಡಿಲ್ಲ. ಬಂತು, ಕೆಲವೇ ವಾರ ಇತ್ತು, ಹೋಯಿತು. ಮೊದಲ ಮಹಾಯುದ್ಧದ ಕೊನೆಯ ವರ್ಷ ಅದು. ಜೂನಿನಲ್ಲಿ ಮುಂಬಯಿ ಬಂದರಿಗೆ ಬಂದ ಜ್ವರ ಮೊದಲು ಸೌಮ್ಯವಾಗಿತ್ತು. ಸೆಪ್ಟೆಂಬರ್, ಅಕ್ಟೋಬರಿನ ಎರಡನೇ ಅಲೆ ಕೊಂದುಹಾಕಿತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು, ಮೈಯಲ್ಲಿ ಕಸುವಿರಲಿಲ್ಲ. ಹಿಂದೂಸ್ಥಾನದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿಯವರೆಗೆ ಎಂದು ವಿದ್ವಾಂಸರ ಅಂದಾಜುಗಳಿವೆ. ಯಾವ ದೇಶದಲ್ಲೂ ಅಷ್ಟು ಜನ ಸಾಯಲಿಲ್ಲ. ಈ ಜ್ವರ ಮುದುಕರಿಗಿಂತ ದುಡಿಯುವ ವಯಸ್ಸಿನವರನ್ನು ಹೆಚ್ಚಾಗಿ ಹೊಡೆಯಿತು, ಇಪ್ಪತ್ತರಿಂದ ನಲವತ್ತರವರನ್ನು. ಇಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವಳು, ಮಲಗಿದವರ ಪಕ್ಕ ನಿದ್ದೆಗೆಟ್ಟು ಕೂತವಳು ಅವಳೇ ಅಲ್ಲವೇ. ಬಸುರಿಯರಿಗಂತೂ ಅಪಾಯ ಇನ್ನೂ ಹೆಚ್ಚು.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು ಎಂದು ನಮ್ಮ ಮಕ್ಕಳು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆ 1918ರಲ್ಲೇ ಸಂಸ್ಥಾನದ ಮನೆಮನೆಗೂ ಜ್ವರ ಹೊಕ್ಕಿತ್ತು ಎಂದು ಹೇಳಿದಾಗ ತರಗತಿಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಆಧಾರ ಎಲ್ಲಿ? ಮೇಷ್ಟ್ರು ಗಣಿತದ ಟೀಚರನ್ನು ಕರೆಸಿದರು. ಜನಗಣತಿಯ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದೆವು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ, 1921ರಲ್ಲಿ 59.8 ಲಕ್ಷ, 1931ರಲ್ಲಿ 65.6 ಲಕ್ಷ. ಕಳೆಯಿರಿ ಅಂದರು. ಮೊದಲ ಹತ್ತು ವರ್ಷಕ್ಕೆ ಹೆಚ್ಚಿದ್ದು 2 ಲಕ್ಷವೂ ಇಲ್ಲ. ಮುಂದಿನ ಹತ್ತು ವರ್ಷಕ್ಕೆ 6 ಲಕ್ಷದ ಹತ್ತಿರ. “ಮಿಕ್ಕಿದೋರು ಎಲ್ಲಿ ಹೋದ್ರು?” ಎಂದು ಟೀಚರು ಕೇಳಿದರು. ಒಬ್ಬ ಹುಡುಗ ಅದಕ್ಕೂ ಹಿಂದಿನದು ಬೇಕೆಂದ. 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದೊಳಗೆ ಇಳಿದಿದ್ದಾರೆ. ಅದು 1876ರಿಂದ 78ರ ಬರ, ಬರದ ಬೆನ್ನಿಗೇ ಬಂದ ಕಾಲರಾ, ಜ್ವರ. ಭಾರತದ ಜನಗಣತಿಯ ಇತಿಹಾಸದಲ್ಲಿ 1911ರಿಂದ 21ರ ದಶಕ ಒಂದರಲ್ಲೇ ಇಡೀ ದೇಶದ ಜನಸಂಖ್ಯೆ ಹಿಂದಿನದಕ್ಕಿಂತ ಕಡಿಮೆಯಾಯಿತು. ಇತಿಹಾಸದ ತರಗತಿಯಲ್ಲಿ ಕಳೆಯುವ ಲೆಕ್ಕ ಮಾಡಿದ್ದು ಆ ಮಕ್ಕಳಿಗೆ ಅದೇ ಮೊದಲು. ಉತ್ತರದ ಕೆಳಗೆ ಎರಡು ಗೆರೆ ಎಳೆಯುವಾಗ ಕೆಲವರ ಕೈ ನಿಂತಿತು, ಅದನ್ನು ನಾನು ನೋಡಿದೆ.

ಜಿಲ್ಲೆಯ ಹಳೆಯ ಅಂಕಿಗಳನ್ನು ಹುಡುಕುವವರಿಗೆ ಒಂದು ಎಚ್ಚರಿಕೆ ಬೇಕು. ಇಂಗ್ಲಿಷ್ ದಾಖಲೆಗಳಲ್ಲಿ ನಮ್ಮ ಜಿಲ್ಲೆ ‘ಚಿತಲ್‌ದ್ರೂಗ್’ ಎಂದಿರುತ್ತದೆ, ದಾವಣಗೆರೆಯೂ ಅದರೊಳಗೇ ಇರುತ್ತದೆ. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇನ್ನು ಹಳ್ಳಿಯ ಸಾವಿನ ಲೆಕ್ಕ ಇಡುತ್ತಿದ್ದವರು ಪಟೇಲರು, ಶಾನುಭೋಗರು. ಕಾರಣದ ಕಾಲಮಿನಲ್ಲಿ ಬರೆಯುತ್ತಿದ್ದುದು ಹೆಚ್ಚಾಗಿ ‘ಜ್ವರ’. ಮಲೇರಿಯಾ ಜ್ವರ, ವಿಷಮಶೀತ ಜ್ವರ, ಇನ್‌ಫ್ಲುಯೆಂಜಾ ಜ್ವರ ಎಲ್ಲವೂ ಆ ಎರಡು ಅಕ್ಷರದೊಳಗೆ ಮುಳುಗಿಹೋಗಿವೆ. ಬರೆಯುವವರೇ ಮಲಗಿದ್ದ ಊರುಗಳಲ್ಲಿ ಅದನ್ನಾದರೂ ಯಾರು ಬರೆದಾರು?

*

ಮೇಷ್ಟ್ರು ಮಕ್ಕಳಿಗೆ ಮನೆಗೆಲಸ ಕೊಟ್ಟರು. ಮನೆಯ, ಕೇರಿಯ ಹಿರಿಯರನ್ನು ಕೇಳಿ ಒಂದೊಂದು ‘ವಸ್ತು’ ತರಬೇಕು. ವಸ್ತು ಅಂದರೆ ಕೈಗೆ ಸಿಗುವುದೇ ಆಗಬೇಕಿಲ್ಲ. ಪ್ರತಿಯೊಂದಕ್ಕೂ ಸಂಗ್ರಹಾಲಯದಲ್ಲಿ ನೋಡಿದ ಹಾಗೇ ಒಂದು ಚೀಟಿ: ವಸ್ತುವಿನ ಹೆಸರು, ಕಾಲ, ದೊರೆತ ಸ್ಥಳ.

ಒಂದು ವಾರದಲ್ಲಿ ಬಂದ ಚೀಟಿಗಳನ್ನು ನೋಡಿ ನನಗೆ ಮಾತು ಬರಲಿಲ್ಲ. ನಾಲ್ಕು ಜನ ಬೈಗುಳ ತಂದಿದ್ದರು. ‘ನಿನಗೆ ಪ್ಲೇಗು ಬಡಿಯ’, ‘ನಿನಗೆ ಗಡ್ಡೆ ಏಳ’, ‘ವಾಂತಿಭೇದಿ ಆಗಿ ಹೋಗ’. ಅಜ್ಜಿಯರು ಕೋಳಿಯನ್ನು ಅಟ್ಟುವಾಗಲೂ ಆಡುವ ಮಾತುಗಳು. ಗಡ್ಡೆ ಅಂದರೆ ಏನೆಂದು ಯಾವ ಮಗುವಿಗೂ ಗೊತ್ತಿರಲಿಲ್ಲ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಏಳುವ ಪ್ಲೇಗಿನ ಗಂಟು ಅದು ಎಂದು ತಿಳಿದಾಗ ಒಬ್ಬಳು ಕೈಯಿಂದ ಕಂಕುಳು ಮುಟ್ಟಿಕೊಂಡಳು. ರೋಗ ಹೋಗಿ ಮುಕ್ಕಾಲು ಶತಮಾನ ಕಳೆದರೂ ಭಯ ಬಾಯಲ್ಲಿ ಉಳಿದಿದೆ.

ಇನ್ನೊಬ್ಬ ತನ್ನ ಮುತ್ತಾತನ ಹೆಸರನ್ನೇ ತಂದಿದ್ದ: ಗುಂಡಪ್ಪ. ಹುಟ್ಟಿದ ಮಕ್ಕಳೆಲ್ಲ ಹೋಗುತ್ತಿದ್ದಾಗ ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲಿಟ್ಟು, ಬೇರೆಯವರ ಕೈಯಿಂದ ಎತ್ತಿಸಿಕೊಂಡು, ಮಾರಿಯ ಕಣ್ಣಿಗೆ ಬೀಳದಂಥ ಹೆಸರಿಡುವ ಪದ್ಧತಿ ಇತ್ತು. ಗುಂಡ, ಕಲ್ಲ, ಅಡಿವೆಪ್ಪ, ತಿಪ್ಪ. ನಮ್ಮ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದದ್ದು, ಅದನ್ನು ಇದರ ಜೊತೆ ಕಲಸಬಾರದು ಎಂದು ಮೇಷ್ಟ್ರು ತಿದ್ದಿದರು. ತರಗತಿಯಲ್ಲಿ ಇಬ್ಬರು ತಿಪ್ಪೇಸ್ವಾಮಿಗಳಿದ್ದರು.

ಗೊಲ್ಲರಹಟ್ಟಿಯ ಹುಡುಗಿಯೊಬ್ಬಳು ಊರ ಮುಂದಿನ ಯಂತ್ರದ ಕಲ್ಲಿನ ಚಿತ್ರ ಬರೆದು ತಂದಳು. ಮನೆಗಳಂತೆ ಗೆರೆ ಹೊಡೆದು ಅಕ್ಷರ ಕೊರೆದ ಕಲ್ಲು. ದನಗಳಿಗೆ ಜಡ್ಡು ಬಂದರೆ ಅದಕ್ಕೆ ನೀರು ಹಾಕಿ, ಪೂಜೆ ಮಾಡಿ ಮಂದೆಯನ್ನು ಅದರ ಮುಂದೆ ದಾಟಿಸುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ದಾಟಿಸಿದ್ದನ್ನು ಅವಳು ನೋಡಿದ್ದಳು. ಅದೇ ವಾರ ಲಸಿಕೆ ಹಾಕುವವರೂ ಬಂದಿದ್ದರಂತೆ. ಎರಡನ್ನೂ ಚೀಟಿಯಲ್ಲಿ ಬರೆದಿದ್ದಳು.

ಒಂದು ಚೀಟಿ ಎಲ್ಲರನ್ನೂ ತಡೆದು ನಿಲ್ಲಿಸಿತು. ‘ವಸ್ತು: ತಮಟೆ’. ತಂದವನು ಊರ ಹೊರಗಿನ ಕೇರಿಯ ಹುಡುಗ. ಅವನ ತಾತನ ತಂದೆ ಇದೇ ತಮಟೆ ಬಡಿದು ‘ಊರು ಬಿಡ್ರಪ್ಪೋ’ ಎಂದು ಸಾರಿದ್ದರಂತೆ. ಸಾರಿದ ಮೇಲೆ ಎಲ್ಲರೂ ಹೋದರು. ಹೆಣ ಎತ್ತಲು, ಗುಂಡಿ ತೋಡಲು, ಖಾಲಿ ಊರು ಕಾಯಲು ಉಳಿದವರು ಆ ಕೇರಿಯವರು. ಹೊರಗೆ ಗುಡಿಸಲು ಹಾಕುವಾಗಲೂ ಅವರ ಸಾಲು ಬೇರೆ, ನೀರು ಬೇರೆ. ಮಾರಿ ಜಾತಿ ನೋಡುವುದಿಲ್ಲ ಅನ್ನುತ್ತಾರೆ. ಮಾರಿ ಬಂದಾಗ ಯಾರು ಯಾವ ಕೆಲಸ ಮಾಡಬೇಕು ಎಂಬುದನ್ನು ಜಾತಿಯೇ ನೋಡಿತು. ವೀರಗಲ್ಲಿನ ಮುಂದೆ ನಿಂತು ಹುಡುಗಿ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ನಿಜವಾದ ಉತ್ತರ ಈ ತಮಟೆ. ಊರ ದನಕ್ಕಾಗಿ ಸತ್ತವನಿಗೆ ಕಲ್ಲು ನೆಟ್ಟ ಊರು, ಊರ ಹೆಣಗಳನ್ನು ಹೊತ್ತು ತಾನೂ ಗಡ್ಡೆ ಎದ್ದು ಸತ್ತವನಿಗೆ ಏನನ್ನೂ ನೆಡಲಿಲ್ಲ. ಅವನು ವೀರನಲ್ಲದಿದ್ದರೆ ಮತ್ಯಾರು ವೀರ?

ಕೊರೊನಾದ ಚೀಟಿಗಳೂ ಬಂದವು. ಶಾಲೆ ಮುಚ್ಚಿದಾಗ ಈ ಮಕ್ಕಳು ಇನ್ನೂ ಎರಡನೇ, ಮೂರನೇ ತರಗತಿ. ಮೇಷ್ಟ್ರುಗಳೇ ಊರಿಗೆ ಬಂದು ಪಾಠ ಮಾಡಿದ ‘ವಿದ್ಯಾಗಮ’ದ ದಿನಗಳಲ್ಲಿ ಗುಡಿಯ ಕಟ್ಟೆಯ ಮೇಲೆ, ಬೇವಿನ ಮರದ ಕೆಳಗೆ ದೂರ ದೂರ ಕೂತು ಅಕ್ಷರ ತಿದ್ದಿದ್ದು ಅವರಿಗೆ ನೆನಪಿದೆ. ಒಬ್ಬಳು ಮಾರಮ್ಮನ ಗುಡಿಯ ಕಟ್ಟೆಯಲ್ಲೇ ಮಗ್ಗಿ ಕಲಿತಿದ್ದಳು. ಅಪ್ಪನನ್ನು ಕಳೆದುಕೊಂಡ ಹುಡುಗನೊಬ್ಬ ಚೀಟಿ ತಂದಿರಲಿಲ್ಲ. ಮೇಷ್ಟ್ರು ಕೇಳಲಿಲ್ಲ.

ಇಂಥವಕ್ಕೂ ಸಂಗ್ರಹಾಲಯದಲ್ಲಿ ಜಾಗ ಮಾಡಬಹುದು. ಲಂಡನ್ನಿನ ಫ್ಲಾರೆನ್ಸ್ ನೈಟಿಂಗೇಲ್ ಸಂಗ್ರಹಾಲಯ 1918ರ ಜ್ವರಕ್ಕೆ ನೂರು ವರ್ಷ ತುಂಬಿದಾಗ ಒಂದು ಪ್ರದರ್ಶನ ಮಾಡಿತ್ತು. ದೇಶ ದೇಶದ ಸಂಗ್ರಹಾಲಯಗಳು ಕೊರೊನಾ ನಡೆಯುತ್ತಿದ್ದಾಗಲೇ ಮಾಸ್ಕು, ಲಸಿಕೆಯ ಸೀಸೆ, ಕೈಬರಹದ ಫಲಕಗಳನ್ನು ಎತ್ತಿಡಲು ಶುರುಮಾಡಿದವು. ದುರ್ಗದಲ್ಲೂ ಒಂದು ಮೂಲೆ ಬೇಕು. ದೊಡ್ಡ ಕಟ್ಟಡ ಬೇಡ. ಒಂದು ತಮಟೆ, ಯಂತ್ರದ ಕಲ್ಲಿನ ಒಂದು ಚಿತ್ರ, ಕಳೆಯುವ ಲೆಕ್ಕದ ಒಂದು ಹಾಳೆ, ಆಶಾ ಕಾರ್ಯಕರ್ತೆಯೊಬ್ಬಳ ಸರ್ವೆ ಪುಸ್ತಕ ಇಡುವಷ್ಟು ಮೇಜು ಸಾಕು. ಜೋಯಿಸರಂತೆ ಬಗ್ಗಿ ಎತ್ತಿಕೊಳ್ಳುವವರು ಬೇಕು, ಅಷ್ಟೇ.

*

ಕೊನೆಗೆ ನಾವು ಒಂದು ಊರಿಗೆ ಹೋದೆವು. ಊರು ಅನ್ನುವುದು ಕಂದಾಯ ಇಲಾಖೆಯ ಕಾಗದದಲ್ಲಿ ಮಾತ್ರ. ಪಹಣಿಯಲ್ಲಿ ಹೆಸರಿದೆ, ಸರ್ವೆ ನಂಬರುಗಳಿವೆ, ಜನರಿಲ್ಲ. ಇಂಥವನ್ನು ‘ಬೇಚರಾಕ್’ ಗ್ರಾಮ ಅನ್ನುತ್ತಾರೆ, ದೀಪವಿಲ್ಲದ ಊರು. ಜಾಲಿ ಬೆಳೆದಿದೆ. ಗೋಡೆ ಮಣ್ಣಾಗಿ ದಿಬ್ಬವಾಗಿದೆ, ದಿಬ್ಬದಲ್ಲಿ ಮಡಕೆಯ ಚೂರು, ಒಂದು ಮುರಿದ ಒರಳು. ಕಲ್ಲು ಕಟ್ಟಿದ ಬಾವಿ ಮುಚ್ಚಿಹೋಗಿದೆ. ಒಂದು ಆಂಜನೇಯ ಮಾತ್ರ ಬಯಲಲ್ಲಿ ನಿಂತಿದ್ದಾನೆ. ವರ್ಷಕ್ಕೊಮ್ಮೆ ಸುತ್ತಲ ಊರುಗಳಿಗೆ ಚೆದುರಿಹೋದವರ ಮೊಮ್ಮಕ್ಕಳು ಬಂದು ಎಣ್ಣೆ ಹಚ್ಚಿ ಹೋಗುತ್ತಾರೆ.

ಊರು ಯಾಕೆ ಹಾಳಾಯಿತು? ಪಕ್ಕದ ಹೊಲದ ಹಿರಿಯರು ಪ್ಲೇಗು ಅಂದರು. ಅವರ ಅಣ್ಣ ಕಾಲರಾ ಅಂದರು. ದಾರಿಯಲ್ಲಿ ಸಿಕ್ಕ ಅಜ್ಜಿ, “ನೀರು ಉಪ್ಪಾಯ್ತು, ಅದಕ್ಕೇ ಎದ್ದು ಹೋದ್ರು ಅಂಬ್ತಾರೆ” ಅಂದರು. ಮಕ್ಕಳು ಮೂರನ್ನೂ ಬರೆದುಕೊಂಡರು. ಯಾವುದು ನಿಜ ಸಾರ್ ಎಂದು ಕೇಳಿದರು. ಮೂರನ್ನೂ ಇಟ್ಟುಕೊಳ್ಳಿ, ಯಾರು ಹೇಳಿದರು ಎಂಬುದನ್ನೂ ಬರೆಯಿರಿ ಅಂದರು ಮೇಷ್ಟ್ರು.

ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿ ಒರಳಿನ ಪಕ್ಕ ಕೂತು ಚೀಟಿ ಬರೆಯುತ್ತಿದ್ದಳು. ಒರಳಿಗೆ ಬರೆಯುತ್ತಿದ್ದಾಳೆ ಅಂದುಕೊಂಡೆ. ಬಗ್ಗಿ ನೋಡಿದೆ.

‘ವಸ್ತು: ಊರು. ದೊರೆತ ಸ್ಥಳ: ಇಲ್ಲೇ.’

ಕಾಲ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದಳು.